ಗರ್ಭದ ಮೂರನೆಯ ತಿಂಗಳು

ಗರ್ಭಾವಸ್ಥೆಯನ್ನು ಮೂರು ಭಾಗಗಳಾಗಿ ವಿಂಗಡಿಸುವ ವೈದ್ಯಶಾಸ್ತ್ರವು, ಹತ್ತನೆಯ ವಾರದಿಂದ ಹದಿಮೂರನೆಯ ವಾರ ಮುಗಿಯುವವರೆಗಿನ ಕಾಲವನ್ನು ಪ್ರಥಮ ತ್ರೈಮಾಸಿಕದ ಉತ್ತರಭಾಗವೆಂದು ಎಣಿಸುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ‘ಮೂರು ತಿಂಗಳು ತುಂಬುವುದು’ ಎಂದು ಹೆಸರು. ಹೊರಗಿನಿಂದ ನೋಡುವವರಿಗೆ ಈ ಅವಧಿಯಲ್ಲಿ ಹೇಳಿಕೊಳ್ಳುವಂಥ ಮಾರ್ಪಾಡು ಯಾವುದೂ ಕಾಣದು: ಹೊಟ್ಟೆ ಇನ್ನೂ ಮುಂದೆ ಬಂದಿರುವುದಿಲ್ಲ, ಮಗುವಿನ ಮಿಸುಕಾಟ ತಾಯಿಯ ಅರಿವಿಗೂ ನಿಲುಕಿರುವುದಿಲ್ಲ, ಸೀಮಂತದ ಸಡಗರ ದೂರದಲ್ಲಿರುತ್ತದೆ. ಆದರೆ ಒಳಗಡೆ, ಬಸಿರಿನ ಬೇರಾವ ಘಟ್ಟದಲ್ಲಿಯೂ ಕಾಣದಂಥ ಅಧಿಕಾರ ಹಸ್ತಾಂತರಗಳು ಈ ಮೂರು ನಾಲ್ಕು ವಾರಗಳಲ್ಲಿ ಒಂದರ ಹಿಂದೊಂದು ನಡೆದುಹೋಗುತ್ತವೆ. ಪಿಂಡವೆನಿಸಿಕೊಂಡಿದ್ದುದು ಭ್ರೂಣವೆನಿಸಿಕೊಳ್ಳುತ್ತದೆ, ಗರ್ಭವನ್ನು ಅದುವರೆಗೆ ಕಾಪಾಡಿಕೊಂಡು ಬಂದ ಅಂಡಾಶಯವು ಆ ಭಾರವನ್ನು ಮಾಸುವಿಗೆ ಒಪ್ಪಿಸಿ ಹಿಂದೆ ಸರಿಯುತ್ತದೆ, ಸೊಂಟದ ಎಲುಬುಗಳ ನಡುವೆ ಅಡಗಿದ್ದ ಗರ್ಭಕೋಶವು ಮೇಲೆದ್ದು ಹೊಟ್ಟೆಯೊಳಗೆ ಕಾಲಿಡುತ್ತದೆ, ಮತ್ತು ದಂಪತಿಗಳಿಬ್ಬರ ನಡುವೆ ಗುಟ್ಟಾಗಿ ಉಳಿದಿದ್ದ ಸುದ್ದಿಯು ಬಂಧುಬಳಗದ ಕಿವಿಗೆ ಬೀಳುತ್ತದೆ.

ಈ ಕಾಲವನ್ನು ಅಳೆಯುವ ಕ್ರಮದಲ್ಲಿಯೇ ಅನೇಕ ಗೊಂದಲಗಳಿಗೆ ಎಡೆಯುಂಟು. ಗರ್ಭ ಕಟ್ಟಿದ ದಿನವನ್ನು ನಿಶ್ಚಯವಾಗಿ ಬಲ್ಲವರು ವಿರಳವಾದುದರಿಂದ, ಕಡೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನೆಣಿಸುವ ಪದ್ಧತಿಯು ಲೋಕದಲ್ಲೆಲ್ಲ ರೂಢಿಗೆ ಬಂದಿದೆ. ಹಾಗೆ ಎಣಿಸಿದಾಗ ಮೊದಲ ಎರಡು ವಾರಗಳಲ್ಲಿ ಗರ್ಭವೇ ಇರುವುದಿಲ್ಲ. ಹನ್ನೆರಡು ವಾರದ ಬಸುರಿ ಎಂದಾಗ ಒಳಗಿನ ಕೂಸಿನ ವಯಸ್ಸು ಹತ್ತು ವಾರವಷ್ಟೇ. ಜರ್ಮನಿಯ ಪ್ರಸೂತಿಶಾಸ್ತ್ರಜ್ಞ ಫ್ರಾಂಜ್ ಕಾರ್ಲ್ ನೇಗೆಲೆ (1778–1851) ಎಂಬಾತನ ಹೆಸರಿನಿಂದ ಪ್ರಸಿದ್ಧವಾದ ಸೂತ್ರದಂತೆ, ಕಡೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಕೂಡಿಸಿ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ, ಮುಂದಿನ ವರ್ಷದ ಆ ದಿನವೇ ಹೆರಿಗೆಯ ದಿನ, ಅಂದರೆ ಒಟ್ಟು 280 ದಿನಗಳು. ಮುಟ್ಟು ತಪ್ಪಿದ ದಿನದಿಂದ ತಿಂಗಳೆಣಿಸುವ ಹಿರಿಯರ ಲೆಕ್ಕಕ್ಕೂ ಆಸ್ಪತ್ರೆಯ ಲೆಕ್ಕಕ್ಕೂ ನಾಲ್ಕು ವಾರಗಳ ಅಂತರ ಬೀಳುವುದರಿಂದ, ‘ಅಜ್ಜಿ ಎರಡು ತಿಂಗಳು ಎನ್ನುತ್ತಾಳೆ, ಡಾಕ್ಟರು ಮೂರು ಎನ್ನುತ್ತಾರೆ’ ಎಂದು ಚಿಂತೆಗೀಡಾಗುವ ಹೆಣ್ಣುಮಕ್ಕಳು ಕಡಮೆಯಿಲ್ಲ. ಇಬ್ಬರೂ ತಪ್ಪು ಹೇಳುತ್ತಿಲ್ಲ. ಆರಂಭದ ಗೆರೆಯನ್ನು ಬೇರೆ ಬೇರೆ ಕಡೆ ಎಳೆದಿದ್ದಾರೆ.

ಹತ್ತನೆಯ ವಾರ ಮುಗಿಯುವ ಹೊತ್ತಿಗೆ ಕೂಸಿನ ಅಂಗಾಂಗಗಳ ಮೂಲರಚನೆಯು ಬಹುಮಟ್ಟಿಗೆ ಪೂರ್ಣಗೊಂಡಿರುತ್ತದೆ. ಅಲ್ಲಿಂದ ಮುಂದೆ ಹೊಸತಾಗಿ ಹುಟ್ಟುವುದು ಸ್ವಲ್ಪ, ಇದ್ದುದು ಬೆಳೆದು ಬಲಿಯುವುದೇ ಬಹಳ. ಇದೇ ಕಾರಣದಿಂದ ಶಾಸ್ತ್ರಕಾರರು ಪಿಂಡಾವಸ್ಥೆಗೂ ಭ್ರೂಣಾವಸ್ಥೆಗೂ ನಡುವಣ ಗಡಿಯನ್ನು ಇಲ್ಲಿಯೇ ನೆಟ್ಟಿದ್ದಾರೆ. ಆಗ ನೆತ್ತಿಯಿಂದ ಪೃಷ್ಠದವರೆಗೆ ಅಳೆದರೆ ಕೂಸು ಸುಮಾರು 3 ಸೆಂಟಿಮೀಟರು, ಬೆಟ್ಟದ ನೆಲ್ಲಿಕಾಯಿಯಷ್ಟು. ಹನ್ನೆರಡನೆಯ ವಾರಕ್ಕೆ ಸುಮಾರು ಐದೂವರೆ ಸೆಂಟಿಮೀಟರು, ಹದಿಮೂರಕ್ಕೆ ಆರೂಮುಕ್ಕಾಲರ ಆಸುಪಾಸು. ಹನ್ನೆರಡನೆಯ ವಾರದ ತೂಕವು ಸುಮಾರು 14 ಗ್ರಾಮ್. ಈ ಸಣ್ಣ ದೇಹದಲ್ಲಿ ಅರ್ಧದಷ್ಟು ಪಾಲು ತಲೆಯದೇ. ಕೈಬೆರಳುಗಳ ನಡುವಣ ಪೊರೆ ಕರಗಿ ಬೆರಳು ಬೆರಳಾಗಿ ಬಿಡಿಸಿಕೊಂಡಿರುತ್ತವೆ, ಅವುಗಳ ತುದಿಯಲ್ಲಿ ಉಗುರಿನ ನೆಲೆ ಮೂಡತೊಡಗಿರುತ್ತದೆ. ರೆಪ್ಪೆಗಳು ಒಂದಕ್ಕೊಂದು ಅಂಟಿ ಕಣ್ಣು ಮುಚ್ಚಿಕೊಂಡಿರುತ್ತದೆ, ಅದು ತೆರೆಯುವುದು ಇಪ್ಪತ್ತಾರನೆಯ ವಾರದ ಸುಮಾರಿಗೆ. ಮೃದ್ವಸ್ಥಿಯ ಅಚ್ಚಿನಲ್ಲಿ ಗಟ್ಟಿ ಎಲುಬು ಅಲ್ಲಲ್ಲಿ ಕಟ್ಟುತ್ತಿರುತ್ತದೆ, ಮೂತ್ರಪಿಂಡಗಳು ಮೂತ್ರವನ್ನು ತಯಾರಿಸಲಾರಂಭಿಸುತ್ತವೆ, ಕೊರಳಿನ ಥೈರಾಯ್ಡ್ ಗ್ರಂಥಿಯು ಅಯೋಡಿನ್ ಅಂಶವನ್ನು ಹಿಡಿದಿಡುವುದನ್ನು ಕಲಿಯುತ್ತದೆ.

ಇವೆಲ್ಲಕ್ಕಿಂತ ಆಶ್ಚರ್ಯಕರವಾದುದು ಕರುಳಿನ ಪ್ರವಾಸ. ಪಿಂಡಾವಸ್ಥೆಯಲ್ಲಿ ಕರುಳು ಬೆಳೆಯುವ ವೇಗಕ್ಕೆ ಹೊಟ್ಟೆಯೊಳಗಣ ಜಾಗ ಸಾಲದೆ ಬರುತ್ತದೆ. ಯಕೃತ್ತೂ ಆಗಿನ ಮೂತ್ರಪಿಂಡಗಳೂ ಆ ಜಾಗವನ್ನೆಲ್ಲ ಆಕ್ರಮಿಸಿಕೊಂಡಿರುತ್ತವೆ. ಆದುದರಿಂದ ಕರುಳಿನ ಕುಣಿಕೆಯು ಹೊಟ್ಟೆಯನ್ನು ಬಿಟ್ಟು ಹೊಕ್ಕುಳಬಳ್ಳಿಯ ಬುಡದೊಳಕ್ಕೆ ಹೊರಟು, ಅಲ್ಲಿ ಕೆಲವು ವಾರ ಬೆಳೆದು, ತಿರುಚಿಕೊಂಡು, ಹನ್ನೆರಡನೆಯ ವಾರ ಮುಗಿಯುವಷ್ಟರಲ್ಲಿ ಮತ್ತೆ ತನ್ನ ಮನೆಗೆ ಮರಳಿ ನಿಯತವಾದ ಸ್ಥಾನಗಳಲ್ಲಿ ನೆಲೆಗೊಳ್ಳುತ್ತದೆ. ಹತ್ತನೆಯ ವಾರದಲ್ಲಿ ಬಳ್ಳಿಯ ಬುಡದಲ್ಲಿ ಉಬ್ಬು ಕಂಡರೆ ಅದು ಸಹಜ. ಹನ್ನೆರಡು ದಾಟಿದ ಮೇಲೂ ಕಂಡರೆ ವೈದ್ಯರು ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ನಮ್ಮ ಪ್ರಾಚೀನ ವೈದ್ಯರು ಯಂತ್ರಗಳ ನೆರವಿಲ್ಲದೆ ಈ ಮಾಸದ ವಿಷಯವಾಗಿ ನಡೆಸಿದ ಚಿಂತನೆ ಸ್ಮರಣಾರ್ಹವಾದುದು. ಗರ್ಭದಲ್ಲಿ ಮೊದಲು ಹುಟ್ಟುವ ಅಂಗ ಯಾವುದೆಂಬ ವಾದವೊಂದನ್ನು ಚರಕಸಂಹಿತೆಯ ಶಾರೀರಸ್ಥಾನವು ದಾಖಲಿಸಿದೆ: ಕುಮಾರಶಿರ ಭರದ್ವಾಜನು ಶಿರಸ್ಸೆಂದೂ, ಕಾಂಕಾಯನನು ಹೃದಯವೆಂದೂ, ಭದ್ರಕಾಪ್ಯನು ನಾಭಿಯೆಂದೂ ವಾದಿಸಲು, ಎಲ್ಲ ಅಂಗಗಳೂ ಏಕಕಾಲದಲ್ಲಿಯೇ ರೂಪುಗೊಳ್ಳುತ್ತವೆಂಬ ಧನ್ವಂತರಿಯ ಮತವು ಸಿದ್ಧಾಂತವಾಗಿ ನಿಲ್ಲುತ್ತದೆ. ಮೂರನೆಯ ತಿಂಗಳಿನಲ್ಲಿ ಸಕಲ ಇಂದ್ರಿಯಗಳೂ ಅವಯವಗಳೂ ಒಟ್ಟಿಗೆ ಪ್ರಕಟವಾಗುತ್ತವೆಂದು ಚರಕನ ಗ್ರಂಥ ಹೇಳಿದರೆ, ಕೈ ಕಾಲು ತಲೆಗಳ ಐದು ಮೊಗ್ಗುಗಳು ಆ ತಿಂಗಳಿನಲ್ಲಿ ಒಡೆಯುತ್ತವೆಂದೂ ಅವಯವಗಳು ಸ್ಫುಟವಾಗುವುದು ನಾಲ್ಕರಲ್ಲೆಂದೂ ಸುಶ್ರುತನ ಮತ. ಹೃದಯವು ಆರನೆಯ ವಾರದಲ್ಲಿಯೇ ಮಿಡಿಯತೊಡಗುವುದೆಂದು ಇಂದು ನಾವು ಬಲ್ಲೆವಾದ್ದರಿಂದ ಕಾಂಕಾಯನನ ಪಕ್ಷದಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ಮೂರನೆಯ ತಿಂಗಳು ಅಂಗಸಂಪೂರ್ಣತೆಯ ತಿಂಗಳೆಂಬ ಚರಕನ ನಿರ್ಣಯವು ಇಂದಿನ ಭ್ರೂಣಶಾಸ್ತ್ರಕ್ಕೆ ಅತ್ಯಂತ ಸಮೀಪದಲ್ಲಿದೆಯೆಂದು ನನ್ನ ಅಭಿಪ್ರಾಯ.

ಎರಡನೆಯ ಹಸ್ತಾಂತರವು ಕಣ್ಣಿಗೆ ಕಾಣುವಂಥದಲ್ಲ. ಅಂಡವನ್ನು ಹೊರಗೆಡಹಿದ ಅಂಡಾಶಯದ ಗುಳ್ಳೆಯು ಹಳದಿ ಬಣ್ಣದ ಪುಟ್ಟ ಗ್ರಂಥಿಯಾಗಿ ಮಾರ್ಪಟ್ಟು, ಪ್ರೊಜೆಸ್ಟೆರೋನ್ ಎಂಬ ರಸದೂತವನ್ನು ಸ್ರವಿಸುತ್ತ, ಗರ್ಭಕೋಶದ ಒಳಪದರವು ಕಳಚಿ ಬೀಳದಂತೆ ಮೊದಲ ವಾರಗಳಲ್ಲಿ ಕಾಯುತ್ತದೆ; ಈ ಹಳದಿ ಗ್ರಂಥಿಯು ಬಾಡದಂತೆ ನೋಡಿಕೊಳ್ಳುವ ಕೆಲಸ, ಮೂತ್ರದಲ್ಲಿ ಕಾಣಿಸಿಕೊಂಡು ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಎರಡನೆಯ ಗೆರೆಯನ್ನು ಮೂಡಿಸುವ ಎಚ್‌ಸಿಜಿ ಎಂಬ ಇನ್ನೊಂದು ರಸದೂತದ್ದು. ಏಳನೆಯ ವಾರದಿಂದ ಹತ್ತನೆಯ ವಾರದೊಳಗೆ ಬೆಳೆಯುತ್ತಿರುವ ಮಾಸು ತಾನೇ ಪ್ರೊಜೆಸ್ಟೆರೋನನ್ನು ಸಾಕಷ್ಟು ತಯಾರಿಸತೊಡಗಿ, ಹಳೆಯ ಕಾವಲುಗಾರನಿಗೆ ವಿಶ್ರಾಂತಿ ಕೊಡುತ್ತದೆ. ಹಂಗೆರಿ ಮೂಲದ ಆರ್ಪಾಡ್ ಚಾಪೊ ಎಂಬ ವಿಜ್ಞಾನಿಯು 1970ರ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನಗಳಲ್ಲಿ ಇದು ಸ್ಪಷ್ಟಪಟ್ಟಿತು: ಏಳನೆಯ ವಾರಕ್ಕೆ ಮುನ್ನ ಆ ಹಳದಿ ಗ್ರಂಥಿಯನ್ನು ತೆಗೆದುಹಾಕಿದರೆ ಗರ್ಭ ನಿಲ್ಲದು, ಒಂಬತ್ತು ಕಳೆದ ಮೇಲೆ ತೆಗೆದರೆ ಗರ್ಭಕ್ಕೆ ಕುಂದಿಲ್ಲ. ಪ್ರಣಾಳಶಿಶುವಿನ ಚಿಕಿತ್ಸೆ ಪಡೆದವರಿಗೆ ಕೊಡುವ ಪ್ರೊಜೆಸ್ಟೆರೋನ್ ಔಷಧವನ್ನು ಹತ್ತು ಹನ್ನೆರಡು ವಾರಗಳ ಹೊತ್ತಿಗೆ ನಿಲ್ಲಿಸುವುದರ ಹಿಂದಿನ ಯುಕ್ತಿಯೂ ಇದೇ.

ಇದರೊಡನೆ ಆಹಾರದ ದಾರಿಯೂ ಬದಲಾಗುತ್ತದೆ. ಮೊದಲ ಎರಡು ತಿಂಗಳು ತಾಯಿಯ ರಕ್ತವು ಮಾಸುವಿನೊಳಕ್ಕೆ ಧಾರಾಳವಾಗಿ ಹರಿಯದಂತೆ ಅಲ್ಲಿಯ ರಕ್ತನಾಳಗಳ ಬಾಯಿಗೆ ಜೀವಕೋಶಗಳೇ ಬಿರಡೆಯಂತೆ ಕೂತಿರುತ್ತವೆ. ಕೂಸು ಗರ್ಭಕೋಶದ ಗ್ರಂಥಿಗಳು ಒಸರುವ ರಸವನ್ನುಂಡು, ಕಡಮೆ ಆಮ್ಲಜನಕದಲ್ಲಿ ಬೆಳೆಯುತ್ತದೆ. ಅಂಗಗಳು ರೂಪುಗೊಳ್ಳುವ ನಾಜೂಕಾದ ಕಾಲದಲ್ಲಿ ಹೆಚ್ಚಿನ ಆಮ್ಲಜನಕವು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತೆಂಬುದು ಇದಕ್ಕೆ ಕೊಡುವ ಸಮಾಧಾನ. ಹತ್ತರಿಂದ ಹನ್ನೆರಡನೆಯ ವಾರದ ನಡುವೆ ಆ ಬಿರಡೆಗಳು ಸಡಿಲಿ, ತಾಯಿಯ ರಕ್ತವು ಮಾಸುವಿನ ಕಣಿವೆಗಳನ್ನು ತುಂಬಿ, ಅಲ್ಲಿಯ ಆಮ್ಲಜನಕದ ಒತ್ತಡವು ಎರಡು ಮೂರು ಪಟ್ಟು ಏರುತ್ತದೆ. ತಾಯಿಯೂ ಮಗುವೂ ಒಂದೇ ರಕ್ತವನ್ನು ಹಂಚಿಕೊಳ್ಳುತ್ತಾರೆಂಬ ನಂಬಿಕೆ ಜನಜನಿತವಾಗಿದ್ದರೂ ವಾಸ್ತವದಲ್ಲಿ ಎರಡು ರಕ್ತಗಳ ನಡುವೆ ತೆಳುವಾದ ಗೋಡೆಯೊಂದು ಕಡೆಯ ತನಕ ಇದ್ದೇ ಇರುತ್ತದೆ.

ಇನ್ನು ತಾಯಿಯ ಅನುಭವ. ಈ ವಾರಗಳ ವಿಷಯ ಹೇಳುವಾಗ ಹೆಂಗಸರ ಬಾಯಿಂದ ಮೊದಲು ಬರುವ ಮಾತು ವಾಕರಿಕೆಯದು. ಬೆಳಗಿನ ಜಾವ ಒಲೆಯ ಮೇಲೆ ಸಾಸಿವೆ ಸಿಡಿದು ಇಂಗಿನ ಒಗ್ಗರಣೆಯ ಘಮ ನಡುಮನೆಗೆ ಬಂದೊಡನೆ, ನಿನ್ನೆಯವರೆಗೆ ಅದನ್ನು ತಾನೇ ಹಾಕುತ್ತಿದ್ದವಳು ಸೆರಗಿನಿಂದ ಮೂಗು ಮುಚ್ಚಿ ಹಿತ್ತಲಿಗೆ ಓಡುವುದು, ಕುದಿಯುವ ಅನ್ನದ ಆವಿ ತಾಳದಿರುವುದು, ಗಂಡನ ಸಾಬೂನಿನ ವಾಸನೆಗೂ ಮುಖ ತಿರುಗಿಸುವುದು ಎಲ್ಲ ಸಂಸಾರಗಳಿಗೂ ಪರಿಚಿತವಾದ ನೋಟ. ಹತ್ತರಲ್ಲಿ ಏಳೆಂಟು ಮಂದಿ ಗರ್ಭಿಣಿಯರನ್ನು ಕಾಡುವ ಈ ಬಾಧೆಯು ಆರನೆಯ ವಾರದ ಆಸುಪಾಸಿನಲ್ಲಿ ತಲೆಯೆತ್ತಿ, ಒಂಬತ್ತರ ಸುಮಾರಿಗೆ ಶಿಖರ ಮುಟ್ಟಿ, ಹನ್ನೆರಡರಿಂದ ಹದಿನಾಲ್ಕರೊಳಗೆ ಬಹುಪಾಲು ಜನರಲ್ಲಿ ಇಳಿಯುತ್ತದೆ. ಕೆಲವರಲ್ಲಿ ಇಪ್ಪತ್ತನೆಯ ವಾರದವರೆಗೂ ಎಳೆಯುತ್ತದೆ. ಮುಂಜಾವಿನ ವಾಂತಿಯೆಂದು ಹೆಸರಾದರೂ ಹೊತ್ತುಗೊತ್ತು ಅದಕ್ಕಿಲ್ಲ.

ವಾಕರಿಕೆಗೆ ಕಾರಣವೇನೆಂಬ ಪ್ರಶ್ನೆಗೆ ದೀರ್ಘಕಾಲ ಸಮರ್ಪಕ ಉತ್ತರವಿರಲಿಲ್ಲ. ಅದು ಹೆಣ್ಣಿನ ಮನಸ್ಸಿನ ದೌರ್ಬಲ್ಯವೆಂದು, ಬಸಿರನ್ನು ಒಲ್ಲದ ಮನಸ್ಸಿನ ಪ್ರತಿಭಟನೆಯೆಂದು ತಿಳಿದ ವೈದ್ಯರೂ ಇದ್ದರೆಂಬುದನ್ನು ನೆನೆದರೆ ವ್ಯಥೆಯಾಗುತ್ತದೆ. ಮಾಸು ಮತ್ತು ಭ್ರೂಣದಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಪ್ರೋಟೀನು ಮೆದುಳಿನ ವಾಂತಿಕೇಂದ್ರವನ್ನು ಕೆರಳಿಸುವುದೇ ಇದರ ಮುಖ್ಯ ಮೂಲವೆಂದು, ಮಾರ್ಲೀನಾ ಫೆಜೊ, ಸ್ಟೀಫನ್ ಓ’ರಾಹಿಲಿ ಮೊದಲಾದವರು 2023ರಲ್ಲಿ ಪ್ರಕಟಿಸಿದ ಸಂಶೋಧನೆಯು ತೋರಿಸಿಕೊಟ್ಟಿತು. ಬಸಿರಿಗೆ ಮುನ್ನ ಯಾರ ರಕ್ತದಲ್ಲಿ ಈ ಪ್ರೋಟೀನು ಕಡಮೆಯಿತ್ತೋ ಅವರಿಗೇ ಅದರ ಹಠಾತ್ ಏರಿಕೆಯು ಹೆಚ್ಚು ಬಾಧಿಸುತ್ತದೆ. ತಲಸ್ಸೀಮಿಯಾ ವ್ಯಾಧಿಯಿಂದಾಗಿ ಸದಾ ಅದರ ಪ್ರಮಾಣ ಹೆಚ್ಚಾಗಿರುವ ಹೆಂಗಸರಲ್ಲಿ ವಾಕರಿಕೆ ವಿರಳ. ಎಂದ ಮೇಲೆ ವಾಂತಿ ಮಾಡುವ ಸೊಸೆಯನ್ನು ನಾಟಕ ಮಾಡುತ್ತಾಳೆಂದು ಜರೆಯುವುದಕ್ಕೆ ಯಾರಿಗೂ ಆಧಾರವಿಲ್ಲ.

ಸಾಮಾನ್ಯವಾದ ವಾಕರಿಕೆಗೆ ಪರಿಹಾರವು ಸರಳ. ಹಾಸಿಗೆ ಬಿಟ್ಟೇಳುವ ಮುನ್ನ ಒಣ ಅವಲಕ್ಕಿ, ಮಂಡಕ್ಕಿ ಅಥವಾ ಒಂದು ತುಂಡು ರೊಟ್ಟಿ ಅಗಿಯುವುದು, ಎರಡು ಹೊತ್ತಿನ ತುಂಬು ಊಟದ ಬದಲು ಐದಾರು ಬಾರಿ ಕೊಂಚ ಕೊಂಚ ತಿನ್ನುವುದು, ಶುಂಠಿಯನ್ನು ಹಿತಮಿತವಾಗಿ ಬಳಸುವುದು, ಊಟದೊಂದಿಗೇ ನೀರು ಕುಡಿಯದೆ ನಡುವೆ ಗುಟುಕರಿಸುವುದು: ಇಷ್ಟರಿಂದಲೇ ಅನೇಕರಿಗೆ ನೆಮ್ಮದಿ. ಸಾಲದಿದ್ದರೆ ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಎಂಬ ಜೀವಸತ್ತ್ವವನ್ನು ಕೂಡಿಸಿದ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಬಹುಕಾಲದ ಬಳಕೆಯಲ್ಲಿ ಅದು ನಿರಪಾಯವೆಂದು ಕಂಡುಬಂದಿದೆ. ಆದರೆ ನೀರೂ ಹೊಟ್ಟೆಯಲ್ಲಿ ನಿಲ್ಲದೆ, ಮೂತ್ರ ಕಡುಬಣ್ಣಕ್ಕೆ ತಿರುಗಿ, ದೇಹದ ತೂಕದಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಇಳಿದರೆ ಅದು ವಾಕರಿಕೆಯ ಎಲ್ಲೆಯನ್ನು ದಾಟಿ ಅತಿವಾಂತಿಯೆಂಬ ರೋಗವಾಯಿತೆಂದು ತಿಳಿದು, ಆಸ್ಪತ್ರೆಗೆ ಸೇರಿಸಿ ನರದ ಮೂಲಕ ದ್ರವವನ್ನೂ ಥಯಮಿನ್ ಸತ್ತ್ವವನ್ನೂ ಕೊಡಿಸತಕ್ಕದ್ದು. ‘ಬಸಿರೆಂದರೆ ಹೀಗೆಯೇ’ ಎಂದು ಮನೆಯಲ್ಲಿ ಕೂರಿಸಿಕೊಳ್ಳುವ ಕಾಯಿಲೆ ಇದಲ್ಲ. ಇನ್ನೊಂದು ಮಾತು: ವಾಂತಿಯೇ ಆಗದಿದ್ದವರು, ಅಥವಾ ಹತ್ತನೆಯ ವಾರಕ್ಕೇ ನಿಂತವರು, ಗರ್ಭಕ್ಕೆ ಏನಾಯಿತೋ ಎಂದು ಭಯಪಡಬೇಕಾದುದಿಲ್ಲ.

ದಣಿವು ಇನ್ನೊಂದು ಲಕ್ಷಣ. ಕೂತಲ್ಲಿಯೇ ಕಣ್ಣು ಎಳೆಯುವ, ಮೆಟ್ಟಿಲೇರಿದರೆ ಏದುಸಿರು ಬರುವ ಈ ಸುಸ್ತಿಗೆ ಪ್ರೊಜೆಸ್ಟೆರೋನಿನ ಮಂಪರು ಒಂದು ಕಾರಣ. ಹೃದಯವು ಹೆಚ್ಚು ರಕ್ತವನ್ನು ತಳ್ಳಲು ತೊಡಗಿರುವುದೂ, ನಾಳಗಳು ಸಡಿಲಿ ರಕ್ತದೊತ್ತಡ ಕೊಂಚ ಇಳಿದಿರುವುದೂ ಮತ್ತೊಂದು. ಥಟ್ಟನೆ ಎದ್ದಾಗ ತಲೆ ಸುತ್ತುವುದು ಇದರಿಂದಲೇ. ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುವುದನ್ನು ಗರ್ಭಕೋಶದ ಒತ್ತಡಕ್ಕಷ್ಟೇ ಆರೋಪಿಸುವುದು ವಾಡಿಕೆಯಾದರೂ, ಮೂತ್ರಪಿಂಡಗಳ ಸೋಸುವಿಕೆಯು ಈ ತ್ರೈಮಾಸಿಕ ಮುಗಿಯುವಷ್ಟರಲ್ಲಿ ಅರ್ಧದಷ್ಟು ಅಧಿಕವಾಗಿರುತ್ತದೆಂಬುದನ್ನೂ ಮರೆಯಲಾಗದು. ಸ್ತನಗಳ ಬಿಗಿತ, ಮಲಬದ್ಧತೆ, ಎದೆಯುರಿ, ಕಾರಣವಿಲ್ಲದೆ ಬರುವ ಅಳು ಇವು ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿ ಬಂದುಹೋಗುತ್ತವೆ. ಹನ್ನೆರಡನೆಯ ವಾರದಲ್ಲಿ, ಬೆನ್ನ ಮೇಲೆ ಮಲಗಿಸಿ ಮೂತ್ರಕೋಶ ಬರಿದಾಗಿರುವಾಗ ಕೆಳಹೊಟ್ಟೆಯನ್ನು ಮೃದುವಾಗಿ ಒತ್ತಿ ನೋಡುವ ದಾದಿಯ ಬೆರಳಿಗೆ, ಗುಹ್ಯಾಸ್ಥಿಯ ಅಂಚಿಗೆ ತುಸು ಮೇಲೆ, ದುಂಡಗೆ ಮೆತ್ತಗೆ ಏನೋ ತಾಕುತ್ತದೆ. ಅದೇ ಮೇಲೆದ್ದು ಬಂದ ಗರ್ಭಕೋಶ. ಅನೇಕ ತಾಯಂದಿರು ತಮ್ಮ ಬಸಿರನ್ನು ಕೈಯಿಂದ ಮುಟ್ಟಿ ತಿಳಿಯುವುದು ಆ ದಿನವೇ ಮೊದಲು.

ಬಯಕೆಯ ವಿಷಯದಲ್ಲಿ ನಮ್ಮ ಸಂಪ್ರದಾಯವು ಉದಾರವಾದುದು. ತಾಯಿಯದೊಂದು, ಮಗುವಿನದೊಂದು, ಹೀಗೆ ಎರಡು ಹೃದಯಗಳುಳ್ಳವಳಾದುದರಿಂದ ಗರ್ಭಿಣಿಯ ಇಚ್ಛೆಯನ್ನು ಅಲ್ಲಗಳೆಯಬಾರದೆಂಬ ದೌಹೃದದ ಕಲ್ಪನೆಯನ್ನು ಚರಕನು ಮೂರನೆಯ ತಿಂಗಳಿಗೂ ಸುಶ್ರುತನು ನಾಲ್ಕನೆಯದಕ್ಕೂ ಹೊಂದಿಸಿದ್ದಾರೆ. ಹುಣಿಸೆ, ಮಾವಿನಕಾಯಿ, ನೆಲ್ಲಿ ಇವುಗಳ ಆಸೆಯನ್ನು ತೀರಿಸಲು ಅಡ್ಡಿಯಿಲ್ಲ. ಆದರೆ ಮಣ್ಣಿನ ಬಯಕೆಯ ವಿಚಾರ ಬೇರೆ. ಮಳೆಯ ಮೊದಲ ಹನಿ ಬಿದ್ದ ನೆಲದ ವಾಸನೆಗೆ ಮನಸೋತು, ಕೆಮ್ಮಣ್ಣನ್ನೋ ಒಲೆಯ ಬೂದಿಯನ್ನೋ ವಿಭೂತಿಯನ್ನೋ ಗುಟ್ಟಾಗಿ ಬಾಯಿಗೆ ಹಾಕಿಕೊಳ್ಳುವ ಬಸುರಿಯರು ಹಳ್ಳಿಗಳಲ್ಲಿ ಇಂದಿಗೂ ಉಂಟು. ಕಾಳಿದಾಸನ ರಘುವಂಶದಲ್ಲಿ ರಾಣಿ ಸುದಕ್ಷಿಣೆಯೂ ಮಣ್ಣು ತಿಂದವಳೇ. ಕವಿಗೆ ಅದು ಪೃಥ್ವಿಯನ್ನಾಳುವ ಕುಮಾರನ ಸೂಚನೆ. ವೈದ್ಯನಿಗೆ ಅದು ಬಹುಸಲ ರಕ್ತದಲ್ಲಿ ಕಬ್ಬಿಣ ಕುಗ್ಗಿರುವುದರ ಸೂಚನೆ. ಅಂಥವಳನ್ನು ಗದರಿಸುವುದಕ್ಕಿಂತ ಅವಳ ಹಿಮೋಗ್ಲೋಬಿನನ್ನು ಪರೀಕ್ಷಿಸುವುದು ಮೇಲು. ಅದು ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಮೆಯಿದ್ದರೆ ರಕ್ತಹೀನತೆ. ಪಪ್ಪಾಯಿಯನ್ನು ಕುರಿತ ಭೀತಿಯಲ್ಲಿ ಅರ್ಧ ಸತ್ಯವಿದೆ: ಕಾಯಿಯ ಹಾಲು ಗರ್ಭಕೋಶವನ್ನು ಸಂಕೋಚಗೊಳಿಸುವುದನ್ನು ಪ್ರಾಣಿಗಳ ಮೇಲಣ ಪ್ರಯೋಗಗಳು ತೋರಿಸಿವೆ, ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಆ ದೋಷ ಕಂಡಿಲ್ಲ.

ಫೋಲಿಕ್ ಆಮ್ಲದ ಕಥೆಗೂ ನಮ್ಮ ದೇಶಕ್ಕೂ ನಿಕಟ ಸಂಬಂಧವುಂಟು. 1928ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಎಂಬಾಕೆ, ಮುಂಬಯಿಯ ಬಟ್ಟೆಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರಿಶೀಲಿಸಿ, ಅಗ್ಗದ ಯೀಸ್ಟ್ ಸಾರವೊಂದರಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಶಿಶುವಿನ ಬೆನ್ನುಹುರಿಯ ದೋಷಗಳನ್ನು ಇದು ನೂರಕ್ಕೆ ಎಪ್ಪತ್ತರಷ್ಟು ತಡೆಯಬಲ್ಲುದೆಂದು, ಮೊದಲೊಮ್ಮೆ ಅಂಥ ಶಿಶುವನ್ನು ಹೆತ್ತ ತಾಯಂದಿರಲ್ಲಿ ನಡೆಸಿದ ಪರೀಕ್ಷೆಯೊಂದು 1991ರಲ್ಲಿ ಸಾಧಿಸಿತು. ಬೆನ್ನುಹುರಿಯ ನಾಳವು ಗರ್ಭ ಕಟ್ಟಿದ 28 ದಿನಗಳೊಳಗೇ ಮುಚ್ಚಿಕೊಳ್ಳುವುದರಿಂದ ಈ ಮಾತ್ರೆಯನ್ನು ಬಸಿರಿಗೆ ಮೊದಲೇ ಆರಂಭಿಸಿ, ದಿನಕ್ಕೆ 400 ಮೈಕ್ರೋಗ್ರಾಮಿನಂತೆ ಮೂರು ತಿಂಗಳು ತುಂಬುವವರೆಗೆ ಸೇವಿಸುವುದು ವಿಹಿತ. ನಾಲ್ಕನೆಯ ತಿಂಗಳಿನಿಂದ ಇದರ ಸ್ಥಾನಕ್ಕೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಬರುತ್ತದೆ. ಅದನ್ನು 180 ದಿನ ಬಿಡದೆ ನುಂಗಬೇಕು. ವಾಂತಿ ಇಳಿಯುವ ಹೊತ್ತಿಗೆ ಕಬ್ಬಿಣ ಆರಂಭವಾಗುವಂತೆ ಈ ಕ್ರಮವಿರುವುದು ತಾಯಿಯ ಹೊಟ್ಟೆಗೂ ಅನುಕೂಲ. ಇಬ್ಬರಿಗಾಗಿ ಉಣ್ಣಬೇಕೆಂಬ ಒತ್ತಾಯಕ್ಕೆ ಮೊದಲ ಮೂರು ತಿಂಗಳಲ್ಲಿ ಅರ್ಥವಿಲ್ಲ. ಈ ಅವಧಿಯಲ್ಲಿ ತೂಕ ಒಂದೆರಡು ಕಿಲೋ ಏರಿದರೆ ಸಾಕು, ಏರದಿದ್ದರೂ ಬಹುತೇಕ ಮುಂದೆ ಸರಿಹೋಗುತ್ತದೆ.

ಔಷಧಗಳ ವಿಷಯದಲ್ಲಿ ಎಚ್ಚರವನ್ನು ಲೋಕಕ್ಕೆ ಕಲಿಸಿದುದು ಥಾಲಿಡೊಮೈಡ್ ದುರಂತ. ವಾಕರಿಕೆಗೂ ನಿದ್ರೆಗೂ ಕೊಡುತ್ತಿದ್ದ ಆ ಗುಳಿಗೆಯಿಂದ ಕೈಕಾಲುಗಳಿಲ್ಲದ ಶಿಶುಗಳು ಜನಿಸುತ್ತಿರುವುದನ್ನು 1961ರಲ್ಲಿ ಜರ್ಮನಿಯ ಲೆಂಜ್, ಆಸ್ಟ್ರೇಲಿಯಾದ ಮ್ಯಾಕ್‌ಬ್ರೈಡ್ ಎಂಬ ವೈದ್ಯರಿಬ್ಬರು ಬಯಲಿಗೆಳೆದರು. ಅಂಗಾಂಗಗಳು ರೂಪುಗೊಂಡು ಮುಗಿದಿರುವುದರಿಂದ ಹತ್ತನೆಯ ವಾರದ ಮೇಲೆ ಅಂಥ ಅಪಾಯ ಬಹಳವಾಗಿ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೆದುಳು ಹೆರಿಗೆಯ ತನಕವೂ ಬೆಳೆಯುತ್ತಲೇ ಇರುತ್ತದೆ. ಮೂರ್ಛೆರೋಗ, ಥೈರಾಯ್ಡ್, ಮಧುಮೇಹಗಳಿಗೆ ಮದ್ದು ಸೇವಿಸುವವರು ಭಯದಿಂದ ತಾವಾಗಿಯೇ ಅದನ್ನು ನಿಲ್ಲಿಸುವುದೂ ಅಷ್ಟೇ ಅಪಾಯ.

ಹನ್ನೊಂದನೆಯ ವಾರದಿಂದ ಹದಿಮೂರು ವಾರ ಆರು ದಿನಗಳವರೆಗಿನ ಅವಧಿಯು ಪರೀಕ್ಷೆಗಳ ದೃಷ್ಟಿಯಿಂದ ಅಮೂಲ್ಯವಾದುದು. ಇದು ಕಳೆದರೆ ಮತ್ತೆ ಬಾರದು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಶ್ರವಣಾತೀತ ಧ್ವನಿತರಂಗಗಳಿಂದ ಗರ್ಭವನ್ನು ಚಿತ್ರಿಸಬಹುದೆಂದು 1958ರಲ್ಲಿ ತೋರಿಸಿದ ಮೇಲೆ, ಲಂಡನ್ನಿನ ಕಿಪ್ರೋಸ್ ನಿಕೊಲೈಡಿಸ್ ಮತ್ತು ಜೊತೆಗಾರರು ಭ್ರೂಣದ ಕುತ್ತಿಗೆಯ ಹಿಂಬದಿಯಲ್ಲಿ ಚರ್ಮದಡಿ ನಿಲ್ಲುವ ತಿಳಿದ್ರವದ ದಪ್ಪಕ್ಕೂ ಡೌನ್ ಲಕ್ಷಣಾವಳಿಗೂ ಇರುವ ನಂಟನ್ನು 1992ರಲ್ಲಿ ಪ್ರಚುರಪಡಿಸಿದರು. ನೆತ್ತಿಯಿಂದ ಪೃಷ್ಠದವರೆಗೆ ಕೂಸಿನ ಉದ್ದ 45ರಿಂದ 84 ಮಿಲಿಮೀಟರಿನೊಳಗೆ ಇರುವಾಗ ಮಾತ್ರ ಆ ದ್ರವದ ದಪ್ಪದ ಅಳತೆಗೆ ಬೆಲೆ. ಕತ್ತಲೆಗೋಣೆಯಲ್ಲಿ ತಣ್ಣನೆಯ ಲೇಪ ಹಚ್ಚಿದ ಹೊಟ್ಟೆಯ ಮೇಲೆ ಸಲಕರಣೆಯು ಜಾರುತ್ತಿರಲು, ತೆರೆಯ ಮೇಲೆ ಕಪ್ಪು ಕೊಳದೊಳಗೆ ಬೂದುಬಣ್ಣದ ಆಕೃತಿಯೊಂದು ಅಂಗಾತ ಮಲಗಿರುವುದು ಕಾಣುತ್ತದೆ: ದುಂಡು ಹಣೆ, ಮೂಗಿನ ಎಲುಬಿನ ಬಿಳಿಯ ಗೀರು, ಎದೆಯಲ್ಲಿ ಕ್ಷಣಕ್ಷಣಕ್ಕೂ ಮಿನುಗುವ ಚುಕ್ಕೆ. ಅದು ಇದ್ದಕ್ಕಿದ್ದಂತೆ ಸೊಂಟವೆತ್ತಿ ಚಿಮ್ಮಿ, ಕಾಲು ಝಾಡಿಸಿ, ಮಗ್ಗುಲು ಬದಲಿಸುತ್ತದೆ. ಬೇಕಾದ ಭಂಗಿಗೆ ಅದು ಮರಳುವವರೆಗೆ ವೈದ್ಯರು ಕಾಯುತ್ತಾರೆ. ತನ್ನೊಳಗೇ ನಡೆಯುತ್ತಿರುವ ಈ ನೆಗೆದಾಟ ತಾಯಿಗೆ ಎಳ್ಳಷ್ಟೂ ತಿಳಿಯುವುದಿಲ್ಲ. ಚೊಚ್ಚಲ ಬಸಿರಾದರೆ ಅದರ ಅರಿವು ಅವಳಿಗಾಗುವುದು ಹದಿನೆಂಟು ಇಪ್ಪತ್ತನೆಯ ವಾರದಲ್ಲಿ.

ಇದೇ ವೇಳೆಗೆ ‘ಡಬಲ್ ಮಾರ್ಕರ್’ ಎಂದು ಕರೆಯುವ ರಕ್ತಪರೀಕ್ಷೆಯನ್ನೂ ಮಾಡಿಸುವುದುಂಟು. ಇವೆರಡೂ ಸಂಭವವನ್ನು ಸೂಚಿಸುವ ಪರೀಕ್ಷೆಗಳೇ ಹೊರತು ನಿರ್ಣಯ ಹೇಳುವುವಲ್ಲ. ಸಂಭವ ಹೆಚ್ಚೆಂದು ಬಂದ ವರದಿಯನ್ನು ಹಿಡಿದು ಎದೆಗುಂದಿದ ಎಷ್ಟೋ ದಂಪತಿಗಳಿಗೆ ಮುಂದಿನ ಪರೀಕ್ಷೆಯಲ್ಲಿ ಮಗು ಸರಿಯಿರುವುದು ತಿಳಿದುಬಂದಿದೆ. ಇವಲ್ಲದೆ ರಕ್ತದ ಗುಂಪು, ಸಕ್ಕರೆ, ಮೂತ್ರ, ಥೈರಾಯ್ಡ್, ಹೆಪಟೈಟಿಸ್ ಬಿ, ಸಿಫಿಲಿಸ್, ಎಚ್‌ಐವಿ ಪರೀಕ್ಷೆಗಳು ಈ ಹೊತ್ತಿಗೆ ಮುಗಿದಿರತಕ್ಕದ್ದು. ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಅಂಥವರಿಗೆ ಅಲ್ಪಪ್ರಮಾಣದ ಆಸ್ಪಿರಿನ್ ಆರಂಭಿಸುವ ಕಾಲವೂ ಹನ್ನೆರಡರಿಂದ ಹದಿನಾರನೆಯ ವಾರವೇ.

ಸ್ಕ್ಯಾನಿನ ವೇಳೆ ಕೇಳಬಾರದ ಪ್ರಶ್ನೆಯೊಂದಿದೆ: ಮಗು ಗಂಡೋ ಹೆಣ್ಣೋ ಎಂಬುದು. ಪುರುಷಪ್ರಜೆಯನ್ನು ಬಯಸಿ ಮೂರನೆಯ ತಿಂಗಳಿನಲ್ಲಿ ಪುಂಸವನವೆಂಬ ಸಂಸ್ಕಾರವನ್ನು ಗೃಹ್ಯಸೂತ್ರಗಳು ವಿಧಿಸಿವೆ. ಆದರೆ ಮಗುವಿನ ಲಿಂಗವು ಗರ್ಭ ಕಟ್ಟಿದ ಗಳಿಗೆಯಲ್ಲಿಯೇ, ಅದೂ ತಂದೆಯ ವೀರ್ಯಾಣುವಿನಿಂದ, ನಿಶ್ಚಯವಾಗಿರುತ್ತದೆ. ಹೆಣ್ಣು ಹೆತ್ತಳೆಂದು ಹೆಂಡತಿಯನ್ನು ದೂರುವವರು ಈ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಂಡರೆ ಎಷ್ಟೋ ಮನೆಗಳ ಕಣ್ಣೀರು ನಿಂತೀತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆಯು 1994ರಲ್ಲಿ ಅಂಗೀಕೃತವಾಗಿ 1996ರಲ್ಲಿ ಜಾರಿಗೆ ಬಂದಿತು; ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲೆ ಕನ್ನಡದಲ್ಲಿ ತೂಗುವ ಫಲಕವು ಆ ಕಾಯಿದೆಯ ಆಜ್ಞೆ.

ಗರ್ಭಸ್ರಾವದ ವಿಷಯವನ್ನು ಮರೆಮಾಚಿ ಈ ಅವಧಿಯನ್ನು ವರ್ಣಿಸುವುದು ಅಪ್ರಾಮಾಣಿಕತೆಯಾದೀತು. ತಿಳಿದುಬಂದ ನೂರು ಬಸಿರುಗಳಲ್ಲಿ ಹತ್ತರಿಂದ ಹದಿನೈದು ನಿಲ್ಲದೆ ಹೋಗುತ್ತವೆ, ಅವುಗಳಲ್ಲಿ ಬಹುಪಾಲು ಹನ್ನೆರಡು ವಾರದೊಳಗೇ. ಹೃದಯದ ಮಿಡಿತ ಸರಿಯಾಗಿ ಕಂಡು ಹನ್ನೆರಡು ದಾಟಿತೆಂದರೆ ಅಪಾಯ ಅತ್ಯಲ್ಪ. ಹೀಗೆ ಹೋದ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ವರ್ಣತಂತುಗಳ ಸಂಖ್ಯೆಯಲ್ಲಾದ ವ್ಯತ್ಯಾಸವೇ ಮೂಲ. ಅಂಡವೂ ವೀರ್ಯಾಣುವೂ ಕೂಡುವ ಹೊತ್ತಿಗೇ ಆಗಿಹೋದ ಆ ಎಣಿಕೆಯ ತಪ್ಪನ್ನು ತಾಯಿ ಮಾಡಿದುದೂ ಅಲ್ಲ, ಅವಳು ತಪ್ಪಿಸಬಹುದಾಗಿದ್ದುದೂ ಅಲ್ಲ. ಬಸ್ಸಿನಲ್ಲಿ ಹೋದಳು, ಮೆಟ್ಟಿಲು ಹತ್ತಿದಳು, ಗ್ರಹಣದ ದಿನ ಹೊರಗೆ ಬಂದಳು, ಮನಸ್ಸಿಗೆ ಹಚ್ಚಿಕೊಂಡಳು ಎಂದು ಕಾರಣಗಳನ್ನು ಹುಡುಕಿ ಅವಳ ತಲೆಗೆ ಕಟ್ಟುವುದು, ಕಳೆದುಕೊಂಡವಳನ್ನೇ ಕಳ್ಳಿಯೆಂದು ಹಿಡಿದು ನಿಲ್ಲಿಸಿದಂತೆ.

ರಕ್ತದ ಕಲೆ ಕಂಡೊಡನೆ ಗರ್ಭ ಹೋಯಿತೆಂದೂ ತಿಳಿಯಬಾರದು. ನಾಲ್ವರಲ್ಲೊಬ್ಬಳಿಗೆ ಮೊದಲ ಮೂರು ತಿಂಗಳಲ್ಲಿ ಯಾವಾಗಲೋ ಒಮ್ಮೆ ಅದು ಕಾಣಿಸಿಕೊಳ್ಳುತ್ತದೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಬಸಿರು ಮುಂದುವರಿಯುತ್ತದೆ. ಆದರೂ ಅದೇ ದಿನ ತೋರಿಸಿಕೊಳ್ಳುವುದು ಅವಶ್ಯ. ಹೊಟ್ಟೆಯ ಒಂದು ಮಗ್ಗುಲಲ್ಲಿ ತೀವ್ರವಾದ ನೋವು, ಹೆಗಲ ತುದಿಯ ನೋವು, ಕಣ್ಣು ಕತ್ತಲೆಗೂಡಿ ಬೀಳುವಂತಾಗುವುದು, ಜ್ವರದೊಡನೆ ದುರ್ವಾಸನೆಯ ಸ್ರಾವ, ಗಂಟೆಗೊಂದು ಬಟ್ಟೆ ನೆನೆಯುವಷ್ಟು ರಕ್ತ: ಇವು ಬೆಳಗಾಗುವವರೆಗೆ ಕಾಯುವಂಥ ಲಕ್ಷಣಗಳಲ್ಲ. ಗರ್ಭವು ಅಂಡನಾಳದಲ್ಲಿ ಕೂತು ಅದು ಒಡೆದರೆ ತಾಯಿಯ ಪ್ರಾಣಕ್ಕೇ ಸಂಚಕಾರ. ಆರ್‌ಎಚ್ ನೆಗೆಟಿವ್ ರಕ್ತದವಳಿಗೆ ಗರ್ಭಸ್ರಾವವಾದರೆ ಮುಂದಿನ ಬಸಿರಿನ ಹಿತಕ್ಕಾಗಿ ಆಂಟಿ-ಡಿ ಚುಚ್ಚುಮದ್ದಿನ ಅಗತ್ಯವಿದೆಯೇ ಎಂದು ಮೂರು ದಿನಗಳೊಳಗಾಗಿ ವೈದ್ಯರಲ್ಲಿ ವಿಚಾರಿಸಬೇಕು.

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ನಮ್ಮ ರೂಢಿಯು ಈ ನಷ್ಟದ ಭೀತಿಯಿಂದಲೇ ಹುಟ್ಟಿದ್ದು. ದೃಷ್ಟಿಯ ಮಾತು ಹಾಗಿರಲಿ, ಸುದ್ದಿಯನ್ನು ಸಾರಿ ಆಮೇಲೆ ಹತ್ತು ಮನೆಗಳಿಗೆ ದುಃಖವನ್ನು ವಿವರಿಸುವ ಸಂಕಟದಿಂದ ಅದು ಹೆಣ್ಣನ್ನು ಕಾಪಾಡಿದೆ. ಆದುದರಿಂದ ಆ ಮೌನವನ್ನು ನಾನು ಲಘುವಾಗಿ ಕಾಣಲಾರೆ. ಆದರೆ ಅದೇ ಮೌನವು ಆರೋಗ್ಯ ಕೇಂದ್ರದ ಬಾಗಿಲನ್ನೂ ಮುಚ್ಚಿದಾಗ, ಫೋಲಿಕ್ ಆಮ್ಲದ ಮಾತ್ರೆಗೂ ರಕ್ತಪರೀಕ್ಷೆಗೂ ಸ್ಕ್ಯಾನಿಗೂ ಇದ್ದ ಕಾಲ ಕಳೆದುಹೋಗಿ, ಅತಿ ಹೆಚ್ಚು ಕಾವಲು ಬೇಕಾದ ವಾರಗಳಲ್ಲಿ ಅವಳು ಒಂಟಿಯಾಗಿಬಿಡುತ್ತಾಳೆ. ಮೊದಲ ತಪಾಸಣೆ ಹನ್ನೆರಡು ವಾರಗಳೊಳಗೆ ಆಗಬೇಕೆಂಬುದು ನಮ್ಮ ದೇಶದ ಆರೋಗ್ಯ ಇಲಾಖೆಯ ನಿಯಮವೂ ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆಯೂ ಆಗಿದೆ. ಕರ್ನಾಟಕದಲ್ಲಿ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿದರೆ ತಾಯಿ ಕಾರ್ಡ್ ಕೈಗೆ ಬರುತ್ತದೆ; ಮುಂದಿನ ಪ್ರತಿ ತಪಾಸಣೆ, ಪ್ರತಿ ಚುಚ್ಚುಮದ್ದು, ಕಡೆಗೆ ಹೆರಿಗೆಯ ವಿವರವೂ ಅದರಲ್ಲಿಯೇ ಬರೆದಿರುತ್ತದೆ. ನೆರೆಹೊರೆಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಮುಟ್ಟು ತಪ್ಪಿದ ವಾರದಲ್ಲಿಯೇ ಹೇಳಿ. ಅಲ್ಲಿ ಅವರು ಕೇಳುವ ಮೊದಲ ಪ್ರಶ್ನೆ ಕಡೆಯ ಮುಟ್ಟಿನ ಮೊದಲ ದಿನ ಯಾವುದೆಂಬುದು; ಪ್ರತಿ ತಿಂಗಳೂ ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.